ಕಾಟಕಾಯಿ ಎಂದವರು ಯಾರು?

ಸುಳ್ಯದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಂದು ಸಮಯ ಸಾಲದೆ ಬಿಟ್ಟುಹೋದ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ. ಸಭೆ ಮುಗಿದ ಮೇಲೆ ಕೇಳಿದ ಒಂದು ಮಾತನ್ನೂ ಕೊನೆಯಲ್ಲಿ ಬರೆದಿದ್ದೇನೆ.

ನಮ್ಮ ಮನೆಯ ಜಗಲಿಯಲ್ಲಿ ಹಲಸಿನ ಹಣ್ಣು ಕೊಯ್ದು ಇಟ್ಟರೆ ಮಕ್ಕಳು ಏಳೆಂಟು ಮಂದಿ ಒಮ್ಮೆಲೇ ಮುಗಿಬೀಳುತ್ತಿದ್ದೆವು. ಎರಡು ನಿಮಿಷದಲ್ಲಿ ಸಿಪ್ಪೆ, ಮೇಣ ಬಿಟ್ಟರೆ ಏನೂ ಉಳಿಯುತ್ತಿರಲಿಲ್ಲ. ಅಜ್ಜಿ ಒಳಗಿನಿಂದ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, “ಇದೆಂಥ ಕಾಟಕಾಯಿ ನಿಮ್ಮದು!” ಎಂದು ಗದರುತ್ತಿದ್ದರು. ಕಾಟಕಾಯಿ ಎಂದರೇನು ಎಂದು ನಾವ್ಯಾರೂ ಕೇಳಲಿಲ್ಲ. ಬೈಗುಳದ ಅರ್ಥವನ್ನು ಯಾರೂ ಕೇಳುವುದಿಲ್ಲ, ಧ್ವನಿಯಲ್ಲೇ ಅದು ಗೊತ್ತಾಗುತ್ತದೆ.

ಹೈಸ್ಕೂಲಿಗೆ ಬಂದ ಮೇಲೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಪೂರ್ತಿ ಮಾತು ಕಿವಿಗೆ ಬಿತ್ತು. 1837ರಲ್ಲಿ ಸುಳ್ಯದ ಕಡೆಯ ರೈತರು ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದದ್ದಕ್ಕೆ ಊರಿನವರು ಇಟ್ಟ ಹೆಸರು ಅದು. ಕೆಲವು ವರ್ಷ ಕಳೆದ ಮೇಲೆ ಅದೇ ಘಟನೆಗೆ ‘ಅಮರ ಸುಳ್ಯ ರೈತ ದಂಗೆ’ ಎಂಬ ಹೆಸರಿದೆ ಎಂದು ತಿಳಿಯಿತು. ಈಗ ಬ್ಯಾನರುಗಳಲ್ಲಿ, ಭಾಷಣಗಳಲ್ಲಿ ಅದು ‘ಅಮರ ಸುಳ್ಯ ಸ್ವಾತಂತ್ರ್ಯ ಸಂಗ್ರಾಮ’. ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳನ್ನು ತೆರೆದರೆ ಅದು ‘ಕೊಡಗಿನ ದಂಗೆ’. 1837ರ ಏಪ್ರಿಲ್ ಒಂದೇ, ನಡೆದ ಜನ ಅವರೇ, ನಡೆದ ದಾರಿ ಅದೇ. ಹೆಸರು ಮಾತ್ರ ನಾಲ್ಕು.

ಇಂದು ನಾನು ಈ ಹೆಸರುಗಳ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಆಯುಧ ಹಿಡಿದು ಸರ್ಕಾರದ ವಿರುದ್ಧ ಎದ್ದವರನ್ನು ನಾವು ಏನೆಂದು ಕರೆಯುತ್ತೇವೆ, ಆ ಕರೆಯುವ ಹಕ್ಕು ಯಾರ ಕೈಯಲ್ಲಿರುತ್ತದೆ, ಕೈ ಬದಲಾದಾಗ ಹೆಸರು ಹೇಗೆ ಬದಲಾಗುತ್ತದೆ ಎಂಬುದು ವಿಷಯ. ಇದನ್ನು ದೂರದ ದೇಶಗಳ ಉದಾಹರಣೆಯಿಂದಲೂ ಹೇಳಬಹುದು. ನೆಲ್ಸನ್ ಮಂಡೇಲಾ ಅವರ ಹೆಸರು 2008ರವರೆಗೆ ಅಮೆರಿಕದ ಭಯೋತ್ಪಾದಕರ ಪಟ್ಟಿಯಲ್ಲಿತ್ತು ಎಂದರೆ ಯಾರಿಗಾದರೂ ಅಚ್ಚರಿಯಾಗುತ್ತದೆ. ಆದರೆ ಅಷ್ಟು ದೂರ ಹೋಗುವ ಅಗತ್ಯ ನಮಗಿಲ್ಲ. ನಾವು ಕೂತಿರುವ ಈ ನೆಲದಿಂದ ಕೂಗಳತೆಯ ದೂರದಲ್ಲೇ ಎಲ್ಲವೂ ಇದೆ.

ಮೊದಲು ನಡೆದದ್ದೇನು ಎಂಬುದನ್ನು ನೋಡೋಣ. 1834ರಲ್ಲಿ ಕಂಪನಿ ಕೊಡಗಿನ ಹಾಲೇರಿ ವಂಶದ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಅದುವರೆಗೆ ಹಾಲೇರಿ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ನಕ್ಷೆಯ ಮೇಲೆ ಇದೊಂದು ಗೆರೆ. ಗದ್ದೆಯಲ್ಲಿ ನಿಂತವನಿಗೆ ಹಾಗಲ್ಲ. ಹಾಲೇರಿಯವರ ಕಾಲದಲ್ಲಿ ತೆರಿಗೆಯನ್ನು ಬೆಳೆಯ ರೂಪದಲ್ಲಿ ಅಳೆದು ಕೊಡಬಹುದಿತ್ತು. ಕಂಪನಿ ನಗದು ಕೇಳಿತು. ಭತ್ತ ಬೆಳೆಯುವವನ ಕೈಯಲ್ಲಿ ನಾಣ್ಯ ಎಲ್ಲಿರುತ್ತದೆ? ಕಂತಿನ ಹೊತ್ತಿಗೆ ಬಂದ ಬೆಲೆಗೆ ಭತ್ತ ಮಾರಬೇಕು, ಸಾಲದಿದ್ದರೆ ಸಾಲ ಮಾಡಬೇಕು. ಸಾಲ ಕೊಡುವವನು ಯಾವ ಲೆಕ್ಕದಲ್ಲಿ ಕೊಡುತ್ತಾನೆ ಎಂಬುದು ನಿಮ್ಮ ಅಜ್ಜಂದಿರಿಗೆ ಗೊತ್ತಿತ್ತು.

ಊರಿನ ನೆನಪಿನ ಪ್ರಕಾರ ದಂಗೆಯ ನಾಯಕರಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಮನೆಯ ಮದುವೆಯ ನೆಪದಲ್ಲಿ ಜನ ಸೇರಿದರು. ಉಬರಡ್ಕ ಮಿತ್ತೂರಿನ ಆ ಜಾಗವನ್ನು ಈಗಲೂ ಮದುವೆಗದ್ದೆ ಎಂದೇ ಕರೆಯುತ್ತಾರೆ. ಮದುವೆಗೆ ಬಂದವರ ಕೈಯಲ್ಲಿ ಕತ್ತಿ, ಕೋವಿಗಳಿದ್ದವು. ಅಟ್ಲೂರು ರಾಮಪ್ಪಯ್ಯ ಎಂಬ ಅಮಲ್ದಾರನ ಕೊಲೆಯಾಯಿತು. ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳದ ದಾರಿಯಲ್ಲಿ ಜನರನ್ನು ಸೇರಿಸಿಕೊಳ್ಳುತ್ತಾ ಮಂಗಳೂರಿಗೆ ಇಳಿಯಿತು. ಕಂಪನಿಯ ಅಧಿಕಾರಿಗಳು ಕಣ್ಣೂರಿನತ್ತ ಹಡಗು ಹತ್ತಿದರು. ಏಪ್ರಿಲ್ 5ರಂದು ಬಾವುಟಗುಡ್ಡದ ಮೇಲೆ ದಂಗೆಯವರ ಬಾವುಟ ಏರಿತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಣ್ಣೂರು, ತಲಚೇರಿಗಳಿಂದ ಸೈನ್ಯ ಬಂತು. ಬಿಕರ್ನಕಟ್ಟೆಯಲ್ಲಿ ನೇಣುಗಂಬಗಳು ಎದ್ದವು. ಇನ್ನೊಬ್ಬ ನಾಯಕ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು.

ಈಗ ಹೆಸರುಗಳಿಗೆ ಬರೋಣ. ಮುಂದಾಳಿನಿಂದಲೇ ಶುರುಮಾಡೋಣ. ದಂಡಿನ ಮುಂದೆ ಇದ್ದವನನ್ನು ಜನ ಕಲ್ಯಾಣಸ್ವಾಮಿ ಎಂದು ಕರೆದರು, ಹಾಲೇರಿ ವಂಶದವನು ಎಂದು ನಮಸ್ಕರಿಸಿದರು. ಕಾಟಕಾಯಿಯ ಹೆಸರಿನಲ್ಲಿರುವ ಕಲ್ಯಾಣಪ್ಪ ಇವನೇ. ಅವನ ನಿಜವಾದ ಹೆಸರು ಪುಟ್ಟಬಸಪ್ಪ. ಕಂಪನಿಯ ಬರಹದಲ್ಲಿ ಅವನು ವಂಚಕ, ಇನ್ನೊಬ್ಬನ ಹೆಸರು ಹೊತ್ತವನು. ಅವನನ್ನು ಮುಂದಿಟ್ಟ ನಾಯಕರಿಗೆ ಅವನು ಯಾರೆಂದು ಗೊತ್ತಿತ್ತು. ಗೊತ್ತಿದ್ದೂ ಕಲ್ಯಾಣಸ್ವಾಮಿ ಎಂದರು. ಅರಸೊತ್ತಿಗೆಯ ಹೆಸರಿಲ್ಲದೆ ಸಾವಿರಾರು ಜನ ಒಂದು ಬಾವುಟದ ಕೆಳಗೆ ಬರುವ ಕಾಲ ಅದಾಗಿರಲಿಲ್ಲ. ಸುಳ್ಳು ಎಂದರೆ ಸುಳ್ಳು. ಆದರೆ ಕಂಪನಿಗೆ ಆ ಸುಳ್ಳು ಹಿಡಿದು ಎತ್ತಿ ತೋರಿಸಲು ಸುಲಭವಾಯಿತು. ನಾಯಕನೇ ನಕಲಿ ಎಂದಾದ ಮೇಲೆ ನಗದು ತೆರಿಗೆಯ ಪ್ರಶ್ನೆಯನ್ನು ಯಾರೂ ಎತ್ತಬೇಕಾಗಿರಲಿಲ್ಲ. ಹಣೆಪಟ್ಟಿಗಳ ಬಗ್ಗೆ ನನಗಿರುವ ಆತಂಕದ ತಿರುಳು ಇದೇ. ಹೆಸರು ಅಂಟಿದ ಮೇಲೆ ಮುಂದಿನ ಪ್ರಶ್ನೆ ನಿಂತುಹೋಗುತ್ತದೆ.

ಎರಡನೆಯದು, ‘ಕೊಡಗಿನ ದಂಗೆ’ ಎಂಬ ಹೆಸರು. ದಂಗೆ ಹೊತ್ತಿ ಉರಿದದ್ದು ಸುಳ್ಯ, ಪುತ್ತೂರು, ಮಂಗಳೂರುಗಳಲ್ಲಿ. ಹೆಚ್ಚಾಗಿ ಎದ್ದವರು ಅರೆಭಾಷೆ ಆಡುವ ಗೌಡರು, ಜೊತೆಗೆ ಬಂದವರು ಹತ್ತಾರು ಜಾತಿಯ ತುಳುವರು. ನಂದಾವರದ ಲಕ್ಷ್ಮಪ್ಪ ಬಂಗರಸನಂಥ ಹಳೆಯ ಅರಸು ಮನೆತನದವರೂ ಇದ್ದರು. ಆದರೂ ಕಂಪನಿಗೆ ಅದು ಕೊಡಗಿನ ದಂಗೆ, ಅಂದರೆ ಸೋತುಹೋದ ಒಂದು ಅರಸೊತ್ತಿಗೆಯ ಕೊನೆಯ ಕೊಸರಾಟ. ಕೆನರಾದ ರೈತರ ದಂಗೆ ಎಂದು ಬರೆದಿದ್ದರೆ ಕೆನರಾದ ಕಂದಾಯದ ಲೆಕ್ಕವನ್ನು ಮೇಜಿನ ಮೇಲೆ ಇಡಬೇಕಾಗುತ್ತಿತ್ತು.

ಆ ದಂಗೆಯ ನೆನಪಿಗೆ ಕಂಪನಿ ಒಂದು ಪದಕ ಮಾಡಿಸಿತು. ನಾಣ್ಯಗಳ ಸಂಗ್ರಹಕಾರರಿಗೆ ಅದು ಚೆನ್ನಾಗಿ ಗೊತ್ತು. ಚಿನ್ನದಲ್ಲಿ ಸ್ವಲ್ಪ, ಬೆಳ್ಳಿಯಲ್ಲಿ ಹೆಚ್ಚು. ಒಂದು ಬದಿಯಲ್ಲಿ ಆಯುಧ ಹಿಡಿದ ಕೊಡಗಿನ ಯೋಧನ ಚಿತ್ರ, ಅವನ ಸುತ್ತ ಕನ್ನಡ ಅಕ್ಷರಗಳು. ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಬರಹ. ದಂಗೆಯನ್ನು ಅಡಗಿಸುವಾಗ ಕಂಪನಿ ಸರ್ಕಾರಕ್ಕೆ ತೋರಿಸಿದ ನಿಷ್ಠೆಗಾಗಿ ಕೊಟ್ಟದ್ದು ಎಂಬುದು ಎರಡೂ ಬದಿಯ ತಾತ್ಪರ್ಯ. ಆ ಪದಕದ ಚಿತ್ರವನ್ನು ಮೊದಲ ಬಾರಿ ನೋಡಿದಾಗ ನಾನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಬಿಕರ್ನಕಟ್ಟೆಯ ಹಗ್ಗ ಮತ್ತು ಈ ಪದಕದ ದಾರ ಒಂದೇ ವರ್ಷದ ಎರಡು ಕೊರಳುಗಳಿಗೆ ಬಿದ್ದವು. ಎರಡೂ ಕೊರಳು ಹಾಲೇರಿ ಅರಸರ ಪ್ರಜೆಗಳದ್ದು, ಎರಡೂ ಕೈಗಳು ಆಯುಧ ಹಿಡಿದ ಕೈಗಳು. ಕನ್ನಡ ಅಕ್ಷರಗಳನ್ನು ಅಷ್ಟು ಅಂದವಾಗಿ ಲೋಹದಲ್ಲಿ ಕೆತ್ತಿಸಿದ್ದು ಒಬ್ಬರನ್ನು ನಿಷ್ಠರು ಎಂದು, ಇನ್ನೊಬ್ಬರನ್ನು ದಂಗೆಕೋರರು ಎಂದು ಬೇರ್ಪಡಿಸುವುದಕ್ಕೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪದಕ ಪಡೆದವರನ್ನು ದ್ರೋಹಿಗಳು ಎಂದು ಕರೆಯುವ ಭಾಷಣಗಳನ್ನು ನಾನು ಕೇಳಿದ್ದೇನೆ. ಆ ಮಾತಿಗೆ ನಾನು ಕೈಜೋಡಿಸುವುದಿಲ್ಲ. ಘಟ್ಟದ ಮೇಲಿನ ಎಷ್ಟೋ ಮನೆತನಗಳಿಗೆ ಚಿಕ್ಕವೀರರಾಜೇಂದ್ರನ ಆಳ್ವಿಕೆಯ ಕ್ರೌರ್ಯದ ನೆನಪು ಹಸಿಯಾಗಿತ್ತು. ಅವರಿಗೆ ಹಾಲೇರಿ ಬಾವುಟ ಮತ್ತೆ ಏರುವುದೆಂದರೆ ಭಯ. ಘಟ್ಟದ ಕೆಳಗಿನ ರೈತನಿಗೆ ಅದೇ ಬಾವುಟ ಅಳತೆಯಲ್ಲಿ ಭತ್ತ ಕೊಟ್ಟು ಮುಗಿಸುತ್ತಿದ್ದ ದಿನಗಳ ನೆನಪು. ಒಂದೇ ಅರಮನೆ, ಮೇಲಿನಿಂದ ನೋಡಿದವರಿಗೆ ಒಂದು ಮುಖ, ಕೆಳಗಿನಿಂದ ನೋಡಿದವರಿಗೆ ಇನ್ನೊಂದು. ಅಂದು ಯಾರೂ ‘ದೇಶ’ವನ್ನು ಮಾರಲಿಲ್ಲ. ಆ ಅಳತೆಗೋಲು ಇನ್ನೂ ಹುಟ್ಟಿರಲೇ ಇಲ್ಲ.

ಈ ಕಾರಣಕ್ಕೇ ‘ಸ್ವಾತಂತ್ರ್ಯ ಸಂಗ್ರಾಮ’ ಎಂಬ ಹೆಸರಿನ ಬಗ್ಗೆಯೂ ನನಗೆ ಪೂರ್ತಿ ಸಮಾಧಾನವಿಲ್ಲ. 2022ರ ನವೆಂಬರಿನಲ್ಲಿ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಾಗ ನನಗೆ ಆದ ಸಂತೋಷ ಸಣ್ಣದಲ್ಲ. ನೂರೆಂಬತ್ತೈದು ವರ್ಷ ತಡವಾಗಿ ಬಂದ ಗೌರವ ಅದು. ಆದರೆ 1837ರ ರೈತನ ಬಾಯಿಗೆ 1947ರ ಮಾತನ್ನು ತುರುಕಿದರೆ ಅವನ ಸ್ವಂತ ಮಾತು ಕಳೆದುಹೋಗುತ್ತದೆ. ಅವನ ಜಗಳ ಕಂದಾಯದ ಜೊತೆ, ಅಮಲ್ದಾರನ ಜೊತೆ, ಉಪ್ಪು ತಂಬಾಕುಗಳ ಮೇಲಿನ ಸರ್ಕಾರದ ಹಿಡಿತದ ಜೊತೆ. ಅದನ್ನು ಸಣ್ಣದು ಎಂದು ಭಾವಿಸುವವರು ಮಾತ್ರ ಅದಕ್ಕೆ ದೊಡ್ಡ ಹೆಸರಿನ ಅಂಗಿ ತೊಡಿಸಬೇಕಾಗುತ್ತದೆ. ನನಗೆ ಅದು ಸಣ್ಣದಾಗಿ ಕಾಣುವುದಿಲ್ಲ.

ಇನ್ನು ಅಜ್ಜಿಯ ಕಾಟಕಾಯಿ. ಕಾಟ ಎಂದರೆ ಉಪದ್ರವ, ಕಾಟಕಾಯಿ ಎಂದರೆ ಲೂಟಿ, ಕೊಳ್ಳೆ. ಇದನ್ನು ಕಂಪನಿಯವರು ಹಬ್ಬಿಸಿದ ಅಪಪ್ರಚಾರ ಎಂದು ತಳ್ಳಿಹಾಕುವವರಿದ್ದಾರೆ. ಗೆದ್ದವರಿಗೆ ಅನುಕೂಲವಾದ ಹೆಸರು ಅದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇಂಗ್ಲಿಷ್ ಕಾಗದಗಳಿಗೆ ಅದರ ಅಗತ್ಯವಿರಲಿಲ್ಲ, ಅದು ನಮ್ಮ ಊರಿನ ಪದ. ಸಾವಿರಾರು ಜನರ ದಂಡು ದಿನಗಟ್ಟಲೆ ನಡೆಯುವಾಗ ಊಟ ಎಲ್ಲಿಂದಲಾದರೂ ಬರಬೇಕು. ಬಾಗಿಲು ಹಾಕಿಕೊಂಡು ಕಣಜದ ಮೇಲೆ ಕೈಯಿಟ್ಟು ಕೂತವರಿಗೆ ಬಾವುಟದ ಬಣ್ಣ ಕಾಣುವುದಿಲ್ಲ. ಅವರು ಆ ಏಪ್ರಿಲ್ ತಿಂಗಳಿಗೆ ಇಟ್ಟ ಹೆಸರು ಕಾಟಕಾಯಿ. ಅದನ್ನು ನಾವು ಅಳಿಸಿದರೆ ಅವರ ಅನುಭವವನ್ನೂ ಅಳಿಸಿದಂತೆ. ಅದೊಂದೇ ಸತ್ಯ ಎಂದರೆ ಬಿಕರ್ನಕಟ್ಟೆಯಲ್ಲಿ ತೂಗಾಡಿದವರನ್ನು ಎರಡನೆಯ ಸಲ ನೇಣಿಗೆ ಹಾಕಿದಂತೆ.

ನಮ್ಮ ಭಾಷೆಯ ಒಳಗೇ ಈ ತಕ್ಕಡಿ ಹೇಗೆ ವಾಲುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ‘ದಂಗೆಕೋರ’, ‘ಬಂಡುಕೋರ’ ಎನ್ನುತ್ತೇವೆ. ಆ ‘ಕೋರ’ ಪಾರಸಿಯಿಂದ ಬಂದದ್ದು, ಮೂಲದಲ್ಲಿ ತಿನ್ನುವವನು ಎಂಬ ಅರ್ಥ. ಲಂಚಕೋರ, ಚಾಡಿಕೋರ, ದರೋಡೆಕೋರ, ಎಲ್ಲವೂ ಅದೇ ಸಾಲಿನವು. ಒಳ್ಳೆಯ ಕೆಲಸ ಮಾಡುವವನ ಹಿಂದೆ ಕನ್ನಡಿಗರು ಈ ಬಾಲವನ್ನು ಕಟ್ಟುವುದಿಲ್ಲ. ಹೋರಾಟಕ್ಕೆ ‘ಗಾರ’ ಸೇರಿಸುತ್ತೇವೆ, ‘ಕೋರ’ ಸೇರಿಸುವುದಿಲ್ಲ. ಹಾಗಾಗಿ ಪತ್ರಿಕೆಯ ಉಪಸಂಪಾದಕ ಶೀರ್ಷಿಕೆಯಲ್ಲಿ ಬಂಡುಕೋರ ಎಂದು ಬರೆದ ಕ್ಷಣವೇ ಅರ್ಧ ತೀರ್ಪು ಬಂದಾಯಿತು, ಬರೆದವನಿಗೆ ಆ ಉದ್ದೇಶ ಇರಲಿ, ಇಲ್ಲದಿರಲಿ.

‘ಪುಂಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಪೊಲೀಸ್ ಸುದ್ದಿಯಲ್ಲಿ ಪುಂಡರು ಎಂದರೆ ಬೀದಿಯಲ್ಲಿ ಗಲಾಟೆ ಮಾಡುವವರು. ಆದರೆ ನಮ್ಮ ಯಕ್ಷಗಾನದಲ್ಲಿ ಪುಂಡುವೇಷ ಯಾರಿಗೆ? ಅಭಿಮನ್ಯುವಿಗೆ, ಬಭ್ರುವಾಹನನಿಗೆ. ದಿಗಿಣ ಹಾಕುತ್ತಾ ರಂಗಸ್ಥಳದ ತುಂಬ ಸುತ್ತುವ, ದೊಡ್ಡವರ ಚಕ್ರವ್ಯೂಹಕ್ಕೆ ಎದೆಗೊಟ್ಟು ನುಗ್ಗುವ ಹುಡುಗರಿಗೆ. ಆ ವೇಷಕ್ಕೆ ನಾವು ರಾತ್ರಿಯಿಡೀ ನಿದ್ದೆಗೆಟ್ಟು ಕಾಯುತ್ತೇವೆ. ಒಂದೇ ಪದ ವೇಷ ಕಟ್ಟುವ ಚೌಕಿಯಲ್ಲಿ ಒಂದು, ಠಾಣೆಯಲ್ಲಿ ಇನ್ನೊಂದು.

‘ನರಗುಂದ ಬಂಡಾಯ’ ಎಂದರೆ ಯಾವುದು ಎಂದು ಗದಗ ಸೀಮೆಯಲ್ಲಿ ಕೇಳಿದರೆ ಎರಡು ಉತ್ತರ ಬರುತ್ತದೆ. 1858ರಲ್ಲಿ ಬಾಬಾಸಾಹೇಬ ಭಾವೆ ಸುರೇಬಾನದ ಬಳಿ ಕಂಪನಿಯ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದು, ಅವನ ತಲೆಯನ್ನು ನರಗುಂದಕ್ಕೆ ತಂದದ್ದು ಒಂದು. ಭಾವೆಯನ್ನು ಅದೇ ವರ್ಷ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದು, ಗೋಲಿಬಾರಿನಲ್ಲಿ ಪ್ರಾಣ ಹೋಗಿ, ಪೊಲೀಸರ ಪ್ರಾಣವೂ ಹೋದದ್ದು ಇನ್ನೊಂದು. ಮೊದಲನೆಯದರ ಎದುರು ಇದ್ದದ್ದು ಪರಕೀಯ ಸರ್ಕಾರ, ಎರಡನೆಯದರ ಎದುರು ಇದ್ದದ್ದು ನಾವೇ ಮತ ಹಾಕಿ ಕೂರಿಸಿದ್ದು. ಊರು ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡಿದೆ. ರಾಜಕೀಯ ಶಾಸ್ತ್ರದ ಪುಸ್ತಕಗಳು ಈ ಎರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಕರ ಕಟ್ಟುವವನ ಕಣ್ಣಿನಲ್ಲಿ ಅವು ಒಂದೇ ಅಧ್ಯಾಯ.

ದರೋಡೆಕೋರನಿಗೂ ದೊರೆಗೂ ಎಷ್ಟು ದೂರ ಎಂಬುದಕ್ಕೆ ಧೋಂಡಿಯಾ ವಾಘನ ಕಥೆಗಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ. ಚನ್ನಗಿರಿಯವನು. ಹೈದರನ ಸೈನ್ಯದಲ್ಲಿದ್ದ, ಟಿಪ್ಪುವಿನ ಸೆರೆಮನೆಯಲ್ಲಿದ್ದ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು, ಟಿಪ್ಪುವಿನ ಚದುರಿದ ಸೈನಿಕರನ್ನು ಕಟ್ಟಿಕೊಂಡು, ತನ್ನನ್ನು ಎರಡು ಲೋಕಗಳ ಒಡೆಯ ಎಂದು ಕರೆದುಕೊಂಡ. ಇಂಗ್ಲಿಷರ ದಾಖಲೆಯಲ್ಲಿ ಅವನು ಬರಿಯ ಕೊಳ್ಳೆಗಾರ. ಆದರೆ ಆ ಕೊಳ್ಳೆಗಾರನ ಬೆನ್ನು ಹತ್ತಲು ಹೋದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿ. 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ಸತ್ತ. ಆಗ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ವೆಲ್ಲೆಸ್ಲಿಗೆ ಬರೆದ ಪತ್ರದ ಭಾವಾರ್ಥ ಹೀಗಿತ್ತು: ನೀವು ಅವನನ್ನು ತಡೆಯದಿದ್ದರೆ ಅವನೊಬ್ಬ ಸ್ವತಂತ್ರ, ಬಲಶಾಲಿ ಅರಸನಾಗಿ ಹೊಸ ಸುಲ್ತಾನರ ವಂಶವೊಂದನ್ನೇ ಸ್ಥಾಪಿಸುತ್ತಿದ್ದ. ಅಂದರೆ ಕೊಳ್ಳೆಗಾರ ಎಂದು ಬರೆಯುತ್ತಿದ್ದ ಕೈಗೆ ಗೊತ್ತಿತ್ತು, ಇನ್ನೊಂದು ವರ್ಷ ಬದುಕಿದ್ದರೆ ಅವನನ್ನು ದೊರೆ ಎಂದು ಬರೆಯಬೇಕಾಗುತ್ತಿತ್ತು ಎಂದು. ಧೋಂಡಿಯಾನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ತಾನೇ ಸಾಕಿಸಿದ, ಭಾರತ ಬಿಟ್ಟು ಹೋಗುವಾಗ ಅವನ ಹೆಸರಿನಲ್ಲಿ ಹಣ ಇಟ್ಟು ಹೋದ. ಬರಿಯ ಕಳ್ಳನ ಮಗನಿಗೆ ಶತ್ರು ಸೇನಾಪತಿ ಹೀಗೆ ಮಾಡುವುದು ಅಪರೂಪ.

ಸಂಗೊಳ್ಳಿ ರಾಯಣ್ಣನ ವಿಷಯ ನಿಮಗೆಲ್ಲ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಅವನು ಸರ್ಕಾರಿ ಕಚೇರಿಗಳನ್ನು ಸುಟ್ಟ, ಖಜಾನೆ ಲೂಟಿ ಮಾಡಿದ, ಕಂಪನಿಯ ಜೊತೆ ಸೇರಿದವರನ್ನು ಬಿಡಲಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೇರಿಸಿದಾಗ ಅವನ ಮೇಲಿದ್ದ ಆರೋಪಗಳಲ್ಲಿ ಯಾವುದೂ ಸುಳ್ಳಾಗಿರಲಿಲ್ಲ. ಇಂದು ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಎಂಬ ಬಿರುದಿನ ಜೊತೆ ಅವನ ಹೆಸರಿದೆ. ನಂದಗಡದಲ್ಲಿ ಮಕ್ಕಳಾಗಬೇಕೆಂದು ಹರಕೆ ಹೊತ್ತವರು ಅವನ ಹೆಸರಿನಲ್ಲಿ ಪುಟ್ಟ ಮರದ ತೊಟ್ಟಿಲು ಕಟ್ಟುತ್ತಾರೆ. ಸರ್ಕಾರ ಹೆಸರಿಡುವುದಕ್ಕೆ ಬಹಳ ಮೊದಲೇ ಜನ ಲಾವಣಿಯಲ್ಲಿ, ಗೀಗೀ ಪದದಲ್ಲಿ ತಮ್ಮ ತೀರ್ಪು ಕೊಟ್ಟಿದ್ದರು. ನೇಣಿನ ಹಗ್ಗ ನೇತಾಡಿದ ಊರಲ್ಲಿ ತೊಟ್ಟಿಲು ತೂಗುವುದಕ್ಕಿಂತ ದೊಡ್ಡ ತೀರ್ಪು ಯಾವುದಿದೆ?

ಆದರೆ ಹಲಗಲಿಯ ಬೇಡರ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂತು. ಪರವಾನಗಿ ಇಲ್ಲದ ಆಯುಧಗಳನ್ನೆಲ್ಲ ಒಪ್ಪಿಸಬೇಕು ಎಂದು ಆಜ್ಞೆ. ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರಿಗೆ ಆಯುಧ ಎಂದರೆ ಹೊಟ್ಟೆಪಾಡು, ಮನೆತನದ ಮಾನ, ಪೂಜೆಯ ಕೋಣೆಯ ವಸ್ತು. ಬೆಳಗ್ಗೆ ಬೇಟೆಗಾರನಾಗಿದ್ದವನು ಆಜ್ಞೆ ಹೊರಟ ಮರುದಿನ ಅಪರಾಧಿಯಾದ. ಅವನು ಏನನ್ನೂ ಮಾಡಿರಲಿಲ್ಲ, ಇದ್ದದ್ದನ್ನು ಇಟ್ಟುಕೊಂಡಿದ್ದ, ಅಷ್ಟೆ. ಕೊಡುವುದಿಲ್ಲ ಎಂದ ಊರನ್ನು ಸೈನ್ಯ ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13, ಹಲಗಲಿಯಲ್ಲಿ 6, ಒಟ್ಟು 19 ಮಂದಿಯನ್ನು ಜನರೆದುರು ನೇಣಿಗೆ ಹಾಕಿದರು. ಅವರ ಮೇಲೆ ಕಟ್ಟಿದ ಲಾವಣಿಯನ್ನು ಶಾಲೆಯಲ್ಲಿ ಓದಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಲಾವಣಿಕಾರ ಅವರನ್ನು ಬಂಟರು ಎಂದ. ಆ ಲಾವಣಿಯನ್ನು ಮೊದಲು ಸಂಗ್ರಹಿಸಿ ಅಚ್ಚು ಹಾಕಿಸಿದವನು ಅದೇ ಸರ್ಕಾರದ ಅಧಿಕಾರಿ, ಶಾಸನ ವಿದ್ವಾಂಸ ಫ್ಲೀಟ್. ಸರ್ಕಾರದ ಒಂದು ಕೈ ದಂಗೆಕೋರರು ಎಂದು ಬರೆದಿಟ್ಟಿತು, ಇನ್ನೊಂದು ಕೈ ಬಂಟರು ಎಂಬ ಪದವನ್ನೂ ನಮಗೆ ಉಳಿಸಿಕೊಟ್ಟಿತು.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಡಿ. 1861ರಲ್ಲಿ ಕೊಡಗಿನ ಜನರಿಗೆ ಅದೇ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ಸಿಕ್ಕಿತು. ಕಾರಣವಾಗಿ ಹೇಳಿದ್ದು ಅವರ ನಿಷ್ಠೆ, ಅವರ ಪರಾಕ್ರಮ. ರೂಪ ಬದಲಿಸಿಕೊಂಡು ಆ ವಿನಾಯಿತಿ ಇಂದಿಗೂ ನಡೆದುಬಂದಿದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷ ವಿಸ್ತರಿಸಿತು. ಕೊಡವರ ಮನೆಯಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡುವುದನ್ನು ನಾನು ನೋಡಿದ್ದೇನೆ. ಅದು ಚೆಂದದ ಆಚರಣೆ, ಅದು ಮುಂದುವರಿಯಲಿ. ನನ್ನ ಮನಸ್ಸು ಹೋಗುವುದು ಹಲಗಲಿಯತ್ತ. ಅಲ್ಲಿಯೂ ಆಯುಧಕ್ಕೆ ಹೂ ಇಡುತ್ತಿದ್ದರು. ಹಣೆಪಟ್ಟಿ ಎಂದರೆ ಬರಿಯ ಮಾತು ಎಂದು ಯಾರಾದರೂ ಹೇಳಿದರೆ ನಾನು ಈ ಎರಡು ಊರುಗಳನ್ನು ತೋರಿಸುತ್ತೇನೆ. ಒಂದು ಕಡೆ ಪೂಜೆಯ ಕೋವಿ ಗೋಡೆಯ ಮೇಲೆ ಉಳಿಯಿತು. ಇನ್ನೊಂದು ಕಡೆ ಊರೇ ಉಳಿಯಲಿಲ್ಲ.

ಹೆಸರುಗಳು ಇಟ್ಟವರ ಕೈಯಲ್ಲಿ ಮಾತ್ರ ಬದಲಾಗುತ್ತವೆ ಎಂದೇನಿಲ್ಲ, ಹೊತ್ತವರ ಬಾಯಲ್ಲೂ ಬದಲಾಗುತ್ತವೆ. 1930ರಲ್ಲಿ ಭಗತ್ ಸಿಂಗರ ಸಂಗಾತಿಗಳು ಹಂಚಿದ ಕರಪತ್ರ ಭಯೋತ್ಪಾದನೆ ಎಂಬ ಪದಕ್ಕೆ ಅಂಜಲಿಲ್ಲ, ಕ್ರಾಂತಿಯ ಒಂದು ಹಂತ ಅದು ಎಂದು ವಾದಿಸಿತು. ಒಂದು ವರ್ಷದ ಮೇಲೆ ಜೈಲಿನಿಂದ ಬರೆಯುತ್ತಾ ಭಗತ್ ಸಿಂಗರೇ, ಆರಂಭದ ದಿನಗಳನ್ನು ಬಿಟ್ಟರೆ ತಾನು ಭಯೋತ್ಪಾದಕನಲ್ಲ ಎಂದರು. 2016ರಲ್ಲಿ ಒಂದು ಇತಿಹಾಸ ಪುಸ್ತಕದಲ್ಲಿ ಅವರನ್ನು ‘ಕ್ರಾಂತಿಕಾರಿ ಭಯೋತ್ಪಾದಕ’ ಎಂದು ಕರೆದದ್ದಕ್ಕೆ ಸಂಸತ್ತಿನವರೆಗೆ ಗದ್ದಲವಾಯಿತು. ಬರೆದವರು ಹಳೆಯ ಅರ್ಥದಲ್ಲಿ ಬರೆದಿದ್ದರು, ಓದಿದವರು ಇಂದಿನ ಅರ್ಥದಲ್ಲಿ ಓದಿದರು. ನಡುವೆ ಬಸ್ಸುಗಳಲ್ಲಿ, ರೈಲುಗಳಲ್ಲಿ, ಮಾರುಕಟ್ಟೆಗಳಲ್ಲಿ ಸಿಡಿದ ಬಾಂಬುಗಳು ಆ ಪದವನ್ನು ಬೇರೆಯೇ ಮಾಡಿಬಿಟ್ಟಿದ್ದವು.

ಹಳೆಯ ಕಾಲದ ಮಾತು ಸುಲಭ. ಸತ್ತವರು ಯಾರೂ ಎದ್ದು ಬಂದು ನಮ್ಮನ್ನು ಪ್ರಶ್ನಿಸುವುದಿಲ್ಲ. ನಮ್ಮದೇ ಮಲೆನಾಡಿನ ಕಾಡುಗಳಲ್ಲಿ ನಡೆದದ್ದರ ಬಗ್ಗೆ ಮಾತನಾಡುವಾಗ ನನ್ನ ಗಂಟಲು ಒಣಗುತ್ತದೆ. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ಆತ ಕರ್ನಾಟಕದ ಇತಿಹಾಸ ಬರೆದವರು. ಕಂಪನಿಯ ವಿರುದ್ಧ ಎದ್ದ ದಂಗೆಗಳನ್ನು ಜನರ ಕಡೆಯಿಂದ ವಿವರವಾಗಿ ಬರೆದವರಲ್ಲಿ ಅವರೂ ಒಬ್ಬರು. ಅವರನ್ನು ಪತ್ರಿಕೆಗಳು ನಕ್ಸಲ್ ನಾಯಕ, ಕೆಂಪು ಉಗ್ರ ಎಂದವು, ಗೆಳೆಯರು ಹುತಾತ್ಮ ಎಂದರು. ಅದೇ ತಿಂಗಳು ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರನ್ನು ನಕ್ಸಲರು ರಾತ್ರಿ ಬಂದು ಕೊಂದರು. ಅವರೂ ರೈತರ ಮನೆಯ ಮಕ್ಕಳೇ. ಅವರ ಮನೆಯವರಿಗೂ ಹುತಾತ್ಮ ಎಂಬ ಪದ ಬೇಕಾಗಿತ್ತು, ಸಿಕ್ಕಿತು. ಒಂದೇ ತಿಂಗಳು, ಒಂದೇ ಪದ, ಎರಡು ಕಡೆಯ ಹೆಣಗಳ ಮೇಲೆ.

ಸಾಕೇತ್ ರಾಜನ್ ಅವರಿಗೆ 1837ರ ದಂಗೆಯಲ್ಲಿ ತಮ್ಮ ಹಾದಿಯ ಹಿರಿಯರು ಕಂಡರು. ಬಾವುಟಗುಡ್ಡದಲ್ಲಿ ಪ್ರತಿಮೆ ನಿಲ್ಲಿಸಿದ ಸರ್ಕಾರಕ್ಕೆ ಅದೇ ದಂಗೆಯಲ್ಲಿ ದೇಶಭಕ್ತರು ಕಂಡರು. ಆ ಸರ್ಕಾರಕ್ಕೂ ಸಾಕೇತ್ ರಾಜನ್ ಅವರಿಗೂ ಬೇರೆ ಯಾವ ವಿಷಯದಲ್ಲೂ ಒಮ್ಮತ ಇರುತ್ತಿರಲಿಲ್ಲ. ಇದರಿಂದ ಎಲ್ಲ ಬಂದೂಕೂ ಒಂದೇ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಕೇಳಿಸಿಕೊಳ್ಳಬೇಡಿ. ಕಂಪನಿಯನ್ನು ಇಳಿಸಲು ಮತಪೆಟ್ಟಿಗೆ ಇರಲಿಲ್ಲ, ನಮಗಿದೆ. ಆ ವ್ಯತ್ಯಾಸ ನನಗೆ ಬಹಳ ದೊಡ್ಡದು. ಮಲಗಿದ್ದ ಪೊಲೀಸರನ್ನು ಕೊಲ್ಲುವುದನ್ನು ಯಾವ ಹೆಸರಿನಿಂದಲೂ ನಾನು ಒಪ್ಪಲಾರೆ. ಆದರೆ ನನ್ನ ಒಪ್ಪಿಗೆಯೂ ವಿರೋಧವೂ ನಡೆದದ್ದನ್ನು ತಿಳಿದುಕೊಂಡ ಮೇಲೆ ಬರಬೇಕು, ಹೆಸರು ಕೇಳಿದ ಕೂಡಲೇ ಅಲ್ಲ.

2024ರ ನವೆಂಬರಿನಲ್ಲಿ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ನಕ್ಸಲ್ ಗುಂಪಿನ ವಿಕ್ರಂ ಗೌಡ ಎನ್‌ಕೌಂಟರಿನಲ್ಲಿ ಸತ್ತಾಗ ಮತ್ತೆ ಇದೇ ಪದಗಳ ಕಾಳಗ ನಡೆಯಿತು. ಒಂದೂವರೆ ತಿಂಗಳ ಮೇಲೆ, 2025ರ ಜನವರಿ 8ರಂದು, ಆರು ಮಂದಿ ಕಾಡಿನಿಂದ ಹೊರಬಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಎದುರು ನಿಂತರು. ಸುದ್ದಿವಾಹಿನಿಗಳು ಶರಣಾಗತಿ ಎಂದವು. ನಡುವೆ ನಿಂತು ಮಾತುಕತೆ ನಡೆಸಿದವರು ‘ಮುಖ್ಯವಾಹಿನಿಗೆ ಮರಳುವುದು’ ಎಂಬ ಮಾತನ್ನೇ ಪಟ್ಟುಹಿಡಿದು ಬಳಸಿದರು. ಕೇಳಲು ಸಣ್ಣ ವ್ಯತ್ಯಾಸ. ಆದರೆ ಶರಣಾದವನು ತಲೆತಗ್ಗಿಸಿ ಬರುತ್ತಾನೆ, ಮರಳಿದವನು ಮನೆಗೆ ಬರುತ್ತಾನೆ. ಎರಡನೆಯ ಪದ ಇಲ್ಲದೆ ಹೋಗಿದ್ದರೆ ಆ ಆರು ಮಂದಿಯಲ್ಲಿ ಎಷ್ಟು ಮಂದಿ ಕಾಡಿನಿಂದ ಹೆಜ್ಜೆ ಹೊರಗಿಡುತ್ತಿದ್ದರು? ಒಂದು ಪದ ಗುಂಡಿನ ಸದ್ದನ್ನು ತಪ್ಪಿಸಬಲ್ಲದು ಎಂದು ನಾನು ನಂಬುತ್ತೇನೆ. ಅದಕ್ಕಾಗಿಯೇ ಈ ವಿಷಯವನ್ನು ಬರಿಯ ವ್ಯಾಕರಣದ ಚರ್ಚೆ ಎಂದು ನನಗೆ ಬಿಡಲಾಗುವುದಿಲ್ಲ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಚಹಾ ಕುಡಿಯುತ್ತಾ ನಿಂತಿದ್ದಾಗ ಎಂಬತ್ತು ದಾಟಿದ ಹಿರಿಯರೊಬ್ಬರು ಊರುಗೋಲು ಊರಿಕೊಂಡು ಬಂದು ಪಕ್ಕದಲ್ಲಿ ಕೂತರು. ಬಂಟ್ವಾಳದ ಕಡೆಯವರು, ಹಿಂದಿನಿಂದ ಜೀನಸಿನ ಅಂಗಡಿಯ ಮನೆತನ. “ಆ ದಂಡು ಬಂದಾಗ ನಮ್ಮ ಹಿರಿಯರ ಅಂಗಡಿ ಹೋಯಿತಂತೆ. ಅಕ್ಕಿ ಮೂಟೆ, ಬೆಲ್ಲದ ಡಬ್ಬ, ಎಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ, ಕಾಟಕಾಯಿಯೇ” ಎಂದರು. ನಾನು ಸುಮ್ಮನೆ ಕೇಳಿಸಿಕೊಂಡೆ. ಲೋಟ ಕೆಳಗಿಟ್ಟು ಅವರು ಮುಂದುವರಿಸಿದರು: “ಪ್ರತಿಮೆ ನಿಲ್ಲಿಸಿದ ದಿನ ಮೊಮ್ಮಗನ ಸ್ಕೂಟರಿನಲ್ಲಿ ಕೂತು ಬಾವುಟಗುಡ್ಡಕ್ಕೆ ಹೋಗಿದ್ದೆ. ಜನ ಬಹಳ ಇದ್ದರು, ಹಿಂದೆ ನಿಂತು ನೋಡಿದೆ. ಯಾಕೆ ಹೋದೆ ಎಂದು ಮನೆಯಲ್ಲಿ ಕೇಳಿದರು. ನಮ್ಮ ಅಕ್ಕಿ ಉಂಡು ಹೋದವರು ಹೇಗಿದ್ದರು ಎಂದು ಒಮ್ಮೆ ನೋಡಬೇಕಿತ್ತು ಎಂದೆ.”